ಮಹಡಿಯ ಕುಂಡಗಳಲ್ಲಿ ಬಣ್ಣದೆಲೆಯ ಗಿಡಗಳು

ಅಡಿಕೆಗೆ ಒಳ್ಳೆಯ ಬೆಲೆ ಬಂದ ವರ್ಷಗಳಲ್ಲಿ ಚನ್ನಗಿರಿ ಸೀಮೆಯ ಹಳ್ಳಿಗಳಲ್ಲಿ ಹಂಚಿನ ಮನೆಗಳು ಹೋಗಿ ತಾರಸಿ ಮನೆಗಳು ಎದ್ದಿವೆ. ಹೊನ್ನಾಳಿ, ನ್ಯಾಮತಿ ಕಡೆಯೂ ಹೀಗೆಯೇ. ತಾರಸಿ ಮನೆ ಎಂದ ಮೇಲೆ ರಸ್ತೆಯ ಕಡೆಗೆ ಒಂದು ಬಾಲ್ಕನಿ, ಬಾಲ್ಕನಿ ಎಂದ ಮೇಲೆ ಅಲ್ಲಿ ನಾಲ್ಕಾರು ಕುಂಡ. ಊರೂರಿಗೆ ಗಾಡಿಯಲ್ಲಿ ಗಿಡ ತರುವವರು ಕೆಂಪು, ಹಳದಿ, ನೇರಳೆ ಬಣ್ಣದ ಎಲೆಗಳ ಗಿಡಗಳನ್ನು ತೋರಿಸಿದಾಗ ಮನೆಯವರು ಆಸೆಯಿಂದ ಕೊಳ್ಳುತ್ತಾರೆ. ಮೂರು ತಿಂಗಳು ಕಳೆಯುವುದರೊಳಗೆ ಕೆಂಪು ಹೋಗಿ ಬರಿಯ ಹಸಿರು ಉಳಿಯುತ್ತದೆ, ಇಲ್ಲವೇ ಎಲೆಯ ತುದಿಗಳು ಸುಟ್ಟಂತಾಗುತ್ತವೆ. ಆಗ ಬರುವ ಮಾತು ಎಂದರೆ, "ನಮ್ಮ ಕೈಗುಣ ಸರಿಯಿಲ್ಲ."

ಹತ್ತು ಎಕರೆ ತೋಟ ಮಾಡಿದ ಕೈಗೆ ಕೈಗುಣವಿಲ್ಲ ಎಂದರೆ ನಂಬುವುದು ಹೇಗೆ? ತಪ್ಪು ಬೇರೆಲ್ಲೋ ಇದೆ. ಈ ಗಿಡಗಳ ಎಲೆಯ ಬಣ್ಣ ಬೆಳಕು, ಮಣ್ಣು, ನೀರು ಎಂಬ ಮೂರರ ಮೇಲೆ ನಿಂತಿದೆ. ಕುಂಡದಲ್ಲಿ ಈ ಮೂರೂ ಹೊಲದಲ್ಲಿದ್ದಂತೆ ಇರುವುದಿಲ್ಲ.

ಎಲೆಗೆ ಬಣ್ಣ ಬರುವ ಬಗೆ

ಎಲೆ ಹಸಿರಾಗಿರುವುದು ಪತ್ರಹರಿತ್ತಿನಿಂದ. ಗಿಡಕ್ಕೆ ಆಹಾರ ತಯಾರಿಸುವುದೂ ಅದೇ. ಕ್ರೋಟನ್ ಮತ್ತು ಕೋಲಿಯಸ್ ಎಲೆಗಳ ಕೆಂಪು, ನೇರಳೆಗಳಿಗೆ ಆಂಥೋಸಯನಿನ್ ಎಂಬ ವರ್ಣದ್ರವ್ಯ ಕಾರಣ. ಹಳದಿ, ಕಿತ್ತಳೆಗಳಿಗೆ ಕೆರೋಟಿನಾಯ್ಡ್‌ಗಳು ಕಾರಣ. ನಾವು ಸಾರಿಗೆ ಹಾಕುವ ಕೆಂಪು ಹರಿವೆಯ ಬಣ್ಣ ಮಾತ್ರ ಬೀಟಾಲೇನ್ ಎಂಬ ಬೇರೆಯೇ ವರ್ಗದ್ದು, ಬೀಟ್‌ರೂಟಿನಲ್ಲಿರುವಂಥದ್ದು. ಅಲಂಕಾರಕ್ಕೆಂದು ಬೆಳೆಸುವ ಮೂರು ಬಣ್ಣದ ಹರಿವೆಯೂ ನಮ್ಮ ಪಲ್ಯದ ಹರಿವೆಯೂ ಒಂದೇ ಜಾತಿಗೆ ಸೇರಿದವು. ಹಣ ಕೊಡದೆ ಬಣ್ಣದೆಲೆ ಬೇಕೆನ್ನುವವರು ಮೊದಲು ಹರಿವೆಯ ಬೀಜವನ್ನೇ ಒಂದು ಕುಂಡದಲ್ಲಿ ಚೆಲ್ಲಿ ನೋಡಬಹುದು.

ಕ್ರೋಟನ್ನಿನಲ್ಲಿ ಕೆಂಪು ಬಣ್ಣ ತುಂಬಿಕೊಳ್ಳಲು ಬಲವಾದ ಬೆಳಕು ಬೇಕು. ಬೆಳಕು ಕಡಿಮೆಯಾದರೆ, ಸಿಕ್ಕಷ್ಟರಲ್ಲೇ ಹೆಚ್ಚು ಆಹಾರ ತಯಾರಿಸಿಕೊಳ್ಳಲು ಹೊಸ ಎಲೆಗಳು ಹಸಿರಾಗಿಯೇ ಹುಟ್ಟುತ್ತವೆ. ಕೋಣೆಯ ಮೂಲೆಯಲ್ಲಿಟ್ಟ ಕ್ರೋಟನ್ ಹಸಿರಾಗುವುದು ರೋಗವಲ್ಲ, ಅದು ಗಿಡ ಬದುಕಿಕೊಳ್ಳುವ ದಾರಿ.

ಬಿಳಿ ಪಟ್ಟೆಯ ಗಿಡಗಳ ಲೆಕ್ಕ ಇನ್ನೊಂದು. ಎಲೆಯ ಬಿಳಿಯ ಭಾಗದಲ್ಲಿ ಪತ್ರಹರಿತ್ತು ಇಲ್ಲ. ಅದು ದುಡಿಯುವುದಿಲ್ಲ, ಹಸಿರು ಭಾಗದ ದುಡಿಮೆಯಲ್ಲಿ ಬದುಕುತ್ತದೆ. ಆದ್ದರಿಂದ ಇಂತಹ ಗಿಡಗಳು ನಿಧಾನವಾಗಿ ಬೆಳೆಯುತ್ತವೆ. ಒಮ್ಮೊಮ್ಮೆ ಇಂಥ ಗಿಡದಲ್ಲಿ ಪೂರ್ತಿ ಹಸಿರಾದ ಒಂದು ಚಿಗುರು ಏಳುತ್ತದೆ. ನೋಡಲು ದಷ್ಟಪುಷ್ಟವಾಗಿದೆಯೆಂದು ಬಿಟ್ಟರೆ ಕಳೆ ಬೆಳೆಯನ್ನು ನುಂಗಿದಂತೆ ಅದು ಇಡೀ ಗಿಡವನ್ನು ಆವರಿಸಿಕೊಳ್ಳುತ್ತದೆ. ಕಂಡ ದಿನವೇ ಬುಡದಿಂದ ಕತ್ತರಿಸಬೇಕು. ಹಳದಿ ಅಂಚಿನ ಸ್ಯಾನ್ಸಿವೇರಿಯಾವನ್ನು ಎಲೆಯ ತುಂಡು ನೆಟ್ಟು ಬೆಳೆಸಿದರೆ ಹುಟ್ಟುವ ಸಸಿಗೆ ಹಳದಿ ಅಂಚು ಬರುವುದಿಲ್ಲ, ಬುಡದ ಮರಿಗಳನ್ನು ಬೇರು ಸಮೇತ ಬಿಡಿಸಿ ನೆಟ್ಟರೆ ಮಾತ್ರ ಬರುತ್ತದೆ. ಇದು ಗೊತ್ತಿಲ್ಲದೆ ಮಾರಿದವನನ್ನು ಬೈದವರು ಬಹಳ ಮಂದಿ.

ಬಾಲ್ಕನಿ ಯಾವ ದಿಕ್ಕಿಗಿದೆ?

ಗಿಡ ಕೊಳ್ಳುವ ಮೊದಲು ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು. ನಮ್ಮ ನಾಲ್ಕು ತಾಲ್ಲೂಕುಗಳೂ ಸುಮಾರು 14ರಿಂದ 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಇಲ್ಲಿ ಮಧ್ಯಾಹ್ನದ ಸೂರ್ಯನು ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಎರಡನೆಯ ವಾರದಲ್ಲಿ ಮತ್ತೊಮ್ಮೆ ನೆತ್ತಿಯ ಮೇಲೆ ಬರುತ್ತಾನೆ. ಇವೆರಡರ ನಡುವಿನ ದಿನಗಳಲ್ಲಿ ಅವನು ನೆತ್ತಿಗಿಂತ ಸ್ವಲ್ಪ ಉತ್ತರಕ್ಕಿರುತ್ತಾನೆ. ಹಾಗಾಗಿ ವರ್ಷವಿಡೀ ತಂಪಾಗಿದ್ದ ಉತ್ತರ ದಿಕ್ಕಿನ ಬಾಲ್ಕನಿಗೆ ಮೇ ತಿಂಗಳಲ್ಲಿ ಬಿಸಿಲು ಬೀಳುತ್ತದೆ. ನೆರಳಿನಲ್ಲಿ ಬೆಳೆದ ಎಲೆಗಳು ಒಂದೇ ವಾರದಲ್ಲಿ ಸುಡುವುದು ಆಗಲೇ. ಡಿಸೆಂಬರಿನಲ್ಲಿ ಇದಕ್ಕೆ ತದ್ವಿರುದ್ಧ: ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ದಕ್ಷಿಣದ ಬಾಲ್ಕನಿಯ ಒಳಗೋಡೆಯವರೆಗೂ ಬಿಸಿಲು ಹಾಯುತ್ತದೆ.

ಪೂರ್ವ ದಿಕ್ಕಿನ ಬಾಲ್ಕನಿ ಎಲ್ಲಕ್ಕಿಂತ ಒಳ್ಳೆಯದು. ಬೆಳಗಿನ ಮೂರು ನಾಲ್ಕು ಗಂಟೆಗಳ ಎಳೆಬಿಸಿಲಿನಲ್ಲಿ ಕ್ರೋಟನ್, ಅಕಾಲಿಫಾ, ಕೋಲಿಯಸ್, ಕಾರ್ಡಿಲೈನ್ ಎಲ್ಲವೂ ಬಣ್ಣ ತುಂಬಿಕೊಳ್ಳುತ್ತವೆ. ಪಶ್ಚಿಮದ ಬಾಲ್ಕನಿಯಲ್ಲಿ, ಅದರಲ್ಲೂ ಒಣಗಾಳಿ ಬೀಸುವ ಜಗಳೂರಿನಲ್ಲಿ, ಬೇಸಿಗೆಯ ಮಧ್ಯಾಹ್ನ ಕ್ರೋಟನ್ ಸಹ ಬಾಡುತ್ತದೆ. ಅಲ್ಲಿ ಫೆಬ್ರವರಿ ಕೊನೆಯಿಂದ ಮೊದಲ ದೊಡ್ಡ ಮಳೆಯವರೆಗೆ ಅರ್ಧ ಬಿಸಿಲು ತಡೆಯುವ ನೆರಳು ಪರದೆ ಕಟ್ಟಬೇಕು. ಹಳೆಯ ಸೀರೆಯಾದರೂ ಸರಿ. ಉತ್ತರದ ಬಾಲ್ಕನಿಗೆ ಅಗ್ಲೋನೀಮ, ಡೈಫೆನ್‌ಬೇಕಿಯಾ, ಮನಿ ಪ್ಲಾಂಟ್, ಕ್ಯಾಲಾಡಿಯಂ ಹೊಂದುತ್ತವೆ. ಕ್ಯಾಲಾಡಿಯಂ ಚಳಿಗಾಲ ಬಂದೊಡನೆ ಎಲೆ ಉದುರಿಸಿ ಗೆಡ್ಡೆಯಾಗಿ ಮಲಗುತ್ತದೆ. ಸತ್ತಿತೆಂದು ಎಸೆಯಬೇಡಿ, ನೀರು ನಿಲ್ಲಿಸಿ ಕುಂಡವನ್ನು ಹಾಗೆಯೇ ಇಟ್ಟರೆ ಮುಂಗಾರಿಗೆ ಮುಂಚೆ ಚಿಗುರುತ್ತದೆ.

ನೆರಳಿನ ಗಿಡಗಳಿಗೆ ಎಷ್ಟು ಬೆಳಕು ಬೇಕೆಂದು ಕೇಳುವ ಅಡಿಕೆ ಬೆಳೆಗಾರರಿಗೆ ನಾನು ಹೇಳುವ ಅಳತೆ ಸುಲಭವಾದದ್ದು: ತುಂಬಿದ ತೋಟದೊಳಗೆ ಹತ್ತು ಗಂಟೆಗೆ ನಿಂತರೆ ನೆಲದ ಮೇಲೆ ಎಷ್ಟು ಬೆಳಕು ಆಡುತ್ತದೆಯೋ ಅಷ್ಟು. ಅಡಿಕೆ ಮರಕ್ಕೆ ವೀಳ್ಯದೆಲೆ ಹಬ್ಬಿಸಿದಂತೆ ಮನಿ ಪ್ಲಾಂಟ್ ಹಬ್ಬಿಸಿ ನೋಡಿ. ಕುಂಡದಲ್ಲಿ ಅಂಗೈಯಷ್ಟಿದ್ದ ಎಲೆ ಮರ ಏರಿದ ಮೇಲೆ ಮೊರದಷ್ಟಾಗುತ್ತದೆ. ಅಗ್ಲೋನೀಮ, ಡ್ರಸೀನಾಗಳ ತಾಯಿ ಗಿಡಗಳನ್ನು ತೋಟದ ಅಂಚಿನಲ್ಲಿ ಇಟ್ಟುಕೊಂಡು ಮರಿ ಮಾಡಿಕೊಳ್ಳುವವರಿಗೆ ಮತ್ತೆ ಗಿಡ ಕೊಳ್ಳುವ ಪ್ರಮೇಯವೇ ಬಾರದು.

ಹೊಸದಾಗಿ ತಂದ ಗಿಡದ ವಿಷಯದಲ್ಲಿ ಒಂದು ಮಾತು. ನಮ್ಮಲ್ಲಿ ಮಾರಾಟಕ್ಕೆ ಬರುವ ಬಹಳಷ್ಟು ಗಿಡಗಳು ಆಂಧ್ರದ ಗೋದಾವರಿ ತೀರದ ಕಡಿಯಂ ಮುಂತಾದ ಕಡೆಗಳಲ್ಲಿ, ತೇವದ ಹವೆಯಲ್ಲಿ, ನೆರಳು ಪರದೆಯ ಕೆಳಗೆ ಬೆಳೆದವು. ಅವನ್ನು ತಂದ ದಿನವೇ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ. ಒಂದು ವಾರ ಪೂರ್ಣ ನೆರಳು, ಮತ್ತೊಂದು ವಾರ ಬೆಳಗಿನ ಒಂದು ಗಂಟೆ ಬಿಸಿಲು, ಹೀಗೆ ಮೆಲ್ಲನೆ ಒಗ್ಗಿಸಬೇಕು.

ಹೊಲದ ಮಣ್ಣು ಕುಂಡಕ್ಕೆ ಒಗ್ಗದು

ಹೊನ್ನಾಳಿಯ ಗದ್ದೆಯ ಮಣ್ಣು ಭತ್ತಕ್ಕೆ ಬಹಳ ಒಳ್ಳೆಯದು. ಅದನ್ನೇ ತಂದು ಕುಂಡಕ್ಕೆ ತುಂಬಿದರೆ ಗಿಡದ ಬೇರು ಕೊಳೆಯುತ್ತದೆ. ಒಗೆದ ಪಂಚೆಯನ್ನು ಹಗ್ಗದ ಮೇಲೆ ಹಾಕಿದಾಗ ನೀರು ಸೋರಿ ನಿಂತ ಮೇಲೂ ಅದರ ಕೆಳ ಅಂಚು ಬಹಳ ಹೊತ್ತು ಒದ್ದೆಯಾಗಿರುವುದನ್ನು ನೋಡಿದ್ದೀರಿ. ಕುಂಡದಲ್ಲಿಯೂ ಹಾಗೆಯೇ. ರಂಧ್ರದಿಂದ ನೀರು ಸೋರುವುದು ನಿಂತ ಮೇಲೆ ತಳದ ಕೆಲವು ಅಂಗುಲ ಮಣ್ಣು ನೀರು ತುಂಬಿಕೊಂಡೇ ಇರುತ್ತದೆ. ಹೊಲದಲ್ಲಿ ಆ ನೀರನ್ನು ಕೆಳಗಿನ ಮಣ್ಣು ಎಳೆದುಕೊಳ್ಳುತ್ತದೆ, ಕುಂಡದಲ್ಲಿ ಕೆಳಗೆ ಎಳೆದುಕೊಳ್ಳುವವರು ಯಾರೂ ಇಲ್ಲ. ಮಣ್ಣು ಜಿಗುಟಾದಷ್ಟೂ ಈ ಒದ್ದೆ ಪದರ ಎತ್ತರವಾಗುತ್ತದೆ.

ತಳದಲ್ಲಿ ಎರಡು ಅಂಗುಲ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಹಿಂದೆ ನಾನೂ ಹಾಗೆಯೇ ಹೇಳುತ್ತಿದ್ದೆ. ಅದು ಸರಿಯಲ್ಲ. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಸಂದುಗಳ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಒದ್ದೆ ಪದರ ಜಲ್ಲಿಯ ಮೇಲೆ ಕುಳಿತು ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ರಂಧ್ರದಿಂದ ಮಣ್ಣು ಸೋರದಂತೆ ಒಂದು ಹೆಂಚಿನ ಚೂರು ಮುಚ್ಚಿದರೆ ಸಾಕು. ಮಿಶ್ರಣವನ್ನೇ ಹಗುರ ಮಾಡಿಕೊಳ್ಳಬೇಕು.

ಕೆಂಪು ಮಣ್ಣು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಇಲ್ಲವೇ ಎರೆಗೊಬ್ಬರ ಒಂದು ಪಾಲು, ಕಳಿತ ಅಡಿಕೆ ಸಿಪ್ಪೆ ಇಲ್ಲವೇ ತೆಂಗಿನ ನಾರಿನ ಪುಡಿ ಒಂದು ಪಾಲು ಸೇರಿಸಿದರೆ ಒಳ್ಳೆಯ ಮಿಶ್ರಣವಾಗುತ್ತದೆ. ಚನ್ನಗಿರಿಯ ಸುತ್ತ ಸುಗ್ಗಿಯಲ್ಲಿ ಅಡಿಕೆ ಸಿಪ್ಪೆಯನ್ನು ರಸ್ತೆಬದಿಯಲ್ಲಿ ಸುರಿದು ಬೆಂಕಿ ಹಚ್ಚುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದನ್ನು ಗುಂಡಿಗೆ ಹಾಕಿ, ಸಗಣಿ ಬಗ್ಗಡ ಎರಚಿ, ತೇವ ಆರದಂತೆ ನೋಡಿಕೊಂಡು ಆರೇಳು ತಿಂಗಳಾದರೂ ಕಳಿಯಲು ಬಿಡಬೇಕು. ಹಸಿ ಸಿಪ್ಪೆಯನ್ನು ಕುಂಡಕ್ಕೆ ಬೆರೆಸಿದರೆ ಅದು ಕಳಿಯುವಾಗ ಮಣ್ಣಿನ ಸಾರಜನಕವನ್ನು ತಾನೇ ತಿಂದು ಗಿಡವನ್ನು ಬಿಳಿಚಿಸುತ್ತದೆ. ಹೊನ್ನಾಳಿ, ನ್ಯಾಮತಿ ಕಡೆಯವರಿಗೆ ಅಕ್ಕಿ ಗಿರಣಿಯ ಸುಟ್ಟ ಹೊಟ್ಟು ಸಿಗುವುದಾದರೆ ಮರಳಿನ ಅರ್ಧ ಪಾಲಿಗೆ ಅದನ್ನು ಬಳಸಬಹುದು. ಕುಂಡ ಹಗುರವಾಗುತ್ತದೆ. ಒದ್ದೆ ಮಣ್ಣು ತುಂಬಿದ ದೊಡ್ಡ ಕುಂಡಗಳನ್ನು ಕಿಟಕಿಯ ಸಜ್ಜದ ಮೇಲೆ ಸಾಲಾಗಿ ಇಡುವುದು ಅಪಾಯ, ಸಜ್ಜವನ್ನು ಆ ಭಾರಕ್ಕೆಂದು ಕಟ್ಟಿರುವುದಿಲ್ಲ.

ರಸಗೊಬ್ಬರದ ವಿಷಯದಲ್ಲಿ ರೈತ ಮನೆಗಳಲ್ಲೇ ಹೆಚ್ಚು ತಪ್ಪು ನಡೆಯುವುದು, ಏಕೆಂದರೆ ಮನೆಯಲ್ಲಿ ಯೂರಿಯಾ ಚೀಲ ಇದ್ದೇ ಇರುತ್ತದೆ. ಎಂಟು ಅಂಗುಲದ ಕುಂಡದಲ್ಲಿ ಸುಮಾರು 4 ಕೆ.ಜಿ. ಮಣ್ಣು ಹಿಡಿಯುತ್ತದೆ. ಒಂದು ಎಕರೆಯ ಮೇಲ್ಪದರದ ಮಣ್ಣು ಸುಮಾರು 8 ಲಕ್ಷ ಕೆ.ಜಿ. ಎಂದು ಹಿಡಿಯೋಣ. ಕುಂಡಕ್ಕೆ ಒಂದು ಚಿಕ್ಕ ಚಮಚ, ಅಂದರೆ 5 ಗ್ರಾಂ ಯೂರಿಯಾ ಹಾಕಿದರೆ ಅದು ಎಕರೆಗೆ 1,000 ಕೆ.ಜಿ. ಹಾಕಿದಂತೆ, 45 ಕೆ.ಜಿ.ಯ ಚೀಲದ ಲೆಕ್ಕದಲ್ಲಿ 22 ಚೀಲ! ಯಾವ ರೈತ ತನ್ನ ಗದ್ದೆಗೆ ಹೀಗೆ ಸುರಿಯುತ್ತಾನೆ? ಗಿಡ ಸಾಯದೆ ಉಳಿದರೂ ಸಾರಜನಕ ಹೆಚ್ಚಾದಾಗ ಕೋಲಿಯಸ್, ಕ್ರೋಟನ್‌ಗಳಲ್ಲಿ ಹಸಿರು ಏರಿ ಬಣ್ಣ ಮಸುಕಾಗುತ್ತದೆ. ಎರಡು ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ, ಒಂದು ಚಮಚ ಬೇವಿನ ಹಿಂಡಿ ಸಾಕು.

ಮಕ್ಕಳು, ಕರುಗಳು ಮತ್ತು ಔಷಧಿ

ಡೈಫೆನ್‌ಬೇಕಿಯಾ, ಅಗ್ಲೋನೀಮ, ಕ್ಯಾಲಾಡಿಯಂ, ಮನಿ ಪ್ಲಾಂಟ್ ಇವೆಲ್ಲ ಕೆಸುವಿನ ಬಂಧುಗಳು. ಹಸಿ ಕೆಸುವಿನ ಎಲೆ ನಾಲಗೆ ತುರಿಸುವಂತೆ ಇವೂ ತುರಿಸುತ್ತವೆ, ಡೈಫೆನ್‌ಬೇಕಿಯಾ ಎಲ್ಲಕ್ಕಿಂತ ಹೆಚ್ಚು. ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂತಹ ಹರಳುಗಳು ಇದಕ್ಕೆ ಕಾರಣ. ಮಗು ಅಗಿದರೆ ಬಾಯಿ, ನಾಲಗೆ ಊದಿಕೊಳ್ಳುತ್ತವೆ. ಬಾಯಿಯನ್ನು ನೀರಿನಿಂದ ತೊಳೆದು ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು, ವಾಂತಿ ಮಾಡಿಸಬಾರದು. ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ, ಕರು ಕಟ್ಟುವ ಜಗಲಿಯಲ್ಲಿ ಈ ಗಿಡಗಳು ಬೇಡವೇ ಬೇಡ. ಕ್ರೋಟನ್ನಿನ ಹಾಲು ಕೂಡ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಕತ್ತರಿಸಿದ ಮೇಲೆ ಕೈ ತೊಳೆಯಬೇಕು.

ಬೇಸಿಗೆಯಲ್ಲಿ ಕ್ರೋಟನ್ನಿಗೆ ಕೆಂಪು ನುಸಿ, ಕೋಲಿಯಸ್ಸಿಗೆ ಬಿಳಿ ಹಿಟ್ಟು ತಿಗಣೆ ಬರುವುದು ಸಾಮಾನ್ಯ. ಎಲೆಯ ಅಡಿಭಾಗಕ್ಕೆ ರಭಸವಾಗಿ ನೀರು ಹೊಡೆದರೆ ನುಸಿ ಬಹುಪಾಲು ಹೋಗುತ್ತದೆ. ತಿಗಣೆಗೆ ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನ ನೀರಿನಲ್ಲಿ ಕಲಕಿ ಸಿಂಪಡಿಸಬಹುದು. ತೋಟಕ್ಕೆ ಹೊಡೆದು ಉಳಿದ ಕೀಟನಾಶಕವನ್ನು ಮಲಗುವ ಕೋಣೆಯ ಪಕ್ಕದ ಬಾಲ್ಕನಿಗೆ ಹೊಡೆಯತಕ್ಕದ್ದಲ್ಲ.

ಜಗಳೂರಿನ ನೀರು

ಕೆಲವು ವರ್ಷಗಳ ಹಿಂದೆ ಜಗಳೂರು ತಾಲ್ಲೂಕಿನ ಒಂದು ಹಳ್ಳಿಗೆ ಮೆಕ್ಕೆಜೋಳದ ಕ್ಷೇತ್ರ ನೋಡಲು ಹೋಗಿದ್ದೆ. ಊಟಕ್ಕೆ ಕರೆದ ಮನೆಯ ಮಹಡಿಯಲ್ಲಿ ಹತ್ತು ಹನ್ನೆರಡು ಕುಂಡಗಳಿದ್ದವು. ಕ್ರೋಟನ್‌ಗಳು ಚೆನ್ನಾಗಿದ್ದವು. ಡ್ರಸೀನಾ, ಕೆಂಪು ಕಾರ್ಡಿಲೈನ್, ಬಿಳಿ ಪಟ್ಟೆಯ ಕ್ಲೋರೋಫೈಟಂ ಈ ಮೂರರಲ್ಲೂ ಎಲೆಯ ತುದಿಗಳು ಕಂದು ಬಣ್ಣಕ್ಕೆ ತಿರುಗಿ ಒಣಗಿದ್ದವು. "ಇದಕ್ಕೇನಾದ್ರೂ ಔಷಧಿ ಹೇಳ್ರಿ ಸಾರ್, ನೀರು ಗೊಬ್ಬರ ಎಲ್ಲಾ ಹಾಕೀವಿ" ಎಂದರು ಮನೆಯ ಯಜಮಾನಿ. ಎಲೆಚುಕ್ಕೆ ರೋಗವಿರಬಹುದೆಂದು ನಾನು ಒಂದು ಶಿಲೀಂಧ್ರನಾಶಕ ಬರೆದುಕೊಟ್ಟೆ. ಎರಡು ತಿಂಗಳು ಕಳೆದು ಮತ್ತೆ ಹೋದಾಗ ಗಿಡಗಳು ಮೊದಲಿಗಿಂತ ಕೆಟ್ಟಿದ್ದವು. ಆಕೆ ಏನೂ ಅನ್ನಲಿಲ್ಲ, ಖಾಲಿ ಸೀಸೆಯನ್ನು ಮಾತ್ರ ತೋರಿಸಿದರು. ಒಂದೇ ಬಾಲ್ಕನಿಯಲ್ಲಿ ಒಂದೇ ನೀರು ಕುಡಿದ ಗಿಡಗಳಲ್ಲಿ ಕ್ರೋಟನ್ ಮಾತ್ರ ಏಕೆ ಚೆನ್ನಾಗಿದೆ ಎಂದು ಮೊದಲ ದಿನವೇ ನಾನು ಕೇಳಿಕೊಳ್ಳಬೇಕಾಗಿತ್ತು.

ಕಾರಣ ಫ್ಲೋರೈಡ್. ಜಗಳೂರು ತಾಲ್ಲೂಕಿನ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಅದು ಮಿತಿಗಿಂತ ಹೆಚ್ಚಾಗಿದೆ. ಕಲ್ಲಿನೊಳಗಿನ ಖನಿಜಗಳಿಂದ ಅದು ನೀರಿಗೆ ಇಳಿಯುತ್ತದೆ, ನೀರು ಕಲ್ಲಿನ ಸಂದುಗಳಲ್ಲಿ ಹೆಚ್ಚು ಕಾಲ ನಿಂತಷ್ಟೂ ಹೆಚ್ಚಾಗುತ್ತದೆ. ಬೇರಿನಿಂದ ಏರಿದ ನೀರು ಎಲೆಯಿಂದ ಆವಿಯಾಗಿ ಹೋದಾಗ ಫ್ಲೋರೈಡ್ ಎಲೆಯ ತುದಿ, ಅಂಚುಗಳಲ್ಲಿ ಉಳಿದು ಕೂಡಿಕೊಳ್ಳುತ್ತದೆ. ಡ್ರಸೀನಾ, ಕಾರ್ಡಿಲೈನ್, ಕ್ಲೋರೋಫೈಟಂ, ಮರಾಂಟಾ ಇವು ಇದಕ್ಕೆ ಬಹಳ ಸೂಕ್ಷ್ಮ. ಲೀಟರಿಗೆ 1 ಮಿ.ಗ್ರಾಂಗಿಂತ ಕಡಿಮೆ ಫ್ಲೋರೈಡ್ ಇರುವ ನೀರಿನಿಂದಲೂ ಇವುಗಳ ತುದಿ ಸುಡಬಹುದು. ಕ್ರೋಟನ್ನಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ. ಬರಿಯ ಉಪ್ಪಿನಂಶದಿಂದಲೂ ತುದಿ ಸುಡುವುದುಂಟು. ಆಗ ಕುಂಡದ ಹೊರಮೈ ಮೇಲೆ, ಮಣ್ಣಿನ ಮೇಲೆ ಬಿಳಿಯ ಪದರ ಕಟ್ಟಿರುತ್ತದೆ ಮತ್ತು ಬೇರೆ ಗಿಡಗಳೂ ಸೊರಗಿರುತ್ತವೆ. ಸೂಕ್ಷ್ಮ ಗಿಡಗಳು ಮಾತ್ರ ಸುಟ್ಟಿದ್ದರೆ ಫ್ಲೋರೈಡಿನ ಮೇಲೆ ಗುಮಾನಿ ಪಡಬೇಕು. ಸೂಪರ್ ಫಾಸ್ಫೇಟಿನಲ್ಲಿಯೂ ಫ್ಲೋರೈಡ್ ಇರುವುದರಿಂದ ಅದನ್ನು ಈ ಗಿಡಗಳ ಕುಂಡಕ್ಕೆ ಹಾಕಬಾರದು.

ಇಲ್ಲಿ ಗಿಡದ ಮಾತು ಬಿಟ್ಟು ಮನೆಯವರ ಮಾತು ಆಡಬೇಕಾಗುತ್ತದೆ. ಆ ಮನೆಯವರು ಕುಡಿಯಲು ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ನೀರು ತರುತ್ತಿದ್ದರು. ಘಟಕ ಕೆಟ್ಟು ನಿಂತ ದಿನಗಳಲ್ಲಿ ಮಾತ್ರ, "ಕಾಯಿಸಿ ಕುಡೀತೀವಲ್ರಿ" ಎಂದು ಕೊಳವೆಬಾವಿಯ ನೀರನ್ನೇ ಕುಡಿಯುತ್ತಿದ್ದರು. ಕಾಯಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಸ್ವಲ್ಪ ಹೆಚ್ಚೇ ಆಗುತ್ತದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದ ಕಡೆ 1.5 ಮಿ.ಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕ. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಲೆ ಬೀಳುತ್ತದೆ, ಇನ್ನೂ ಹೆಚ್ಚಿದ್ದರೆ ದೊಡ್ಡವರ ಕೀಲು, ಬೆನ್ನು ಬಿಗಿಯುತ್ತವೆ. ಡ್ರಸೀನಾದ ತುದಿ ಸುಟ್ಟಿದೆ ಎಂದ ಮಾತ್ರಕ್ಕೆ ನೀರು ಕುಡಿಯಲು ಯೋಗ್ಯವಲ್ಲ ಎಂದು ತೀರ್ಮಾನಿಸಲಾಗದು. ನೀರನ್ನು ಪರೀಕ್ಷೆ ಮಾಡಿಸಲು ಅಷ್ಟು ಕಾರಣ ಧಾರಾಳ ಸಾಕು.

ಪರೀಕ್ಷೆಗೆ ನೀರು ಹಿಡಿಯುವಾಗ ಗಾಜಿನ ಸೀಸೆ ಬೇಡ, ಶುಚಿಯಾದ ಒಂದು ಲೀಟರಿನ ಪ್ಲಾಸ್ಟಿಕ್ ಸೀಸೆ ಬೇಕು. ಪಂಪು ಹತ್ತು ನಿಮಿಷ ಓಡಿದ ಮೇಲೆ, ಸೀಸೆಯನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ಗಲಬರಿಸಿ ತುಂಬಬೇಕು. ಊರು, ಬಾವಿ, ದಿನಾಂಕ ಬರೆದ ಚೀಟಿ ಅಂಟಿಸಿ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಕೊಡಬೇಕು. ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇದ್ದರೆ ಮೊದಲು ಅಲ್ಲಿ ವಿಚಾರಿಸಬಹುದು.

ಇನ್ನು ಕುಂಡಗಳ ನೀರು. ಶುದ್ಧೀಕರಣ ಯಂತ್ರದಿಂದ ಹೊರಬೀಳುವ ತ್ಯಾಜ್ಯ ನೀರು ಸುಮ್ಮನೆ ಹೋಗುತ್ತದಲ್ಲ ಎಂದು ಕೆಲವರು ಗಿಡಕ್ಕೆ ಹಾಕುತ್ತಾರೆ. ಯಂತ್ರ ತೆಗೆದುಹಾಕಿದ ಫ್ಲೋರೈಡ್, ಉಪ್ಪು ಎಲ್ಲವೂ ಅದರಲ್ಲೇ ಸಾಂದ್ರವಾಗಿರುವುದರಿಂದ ಅದು ನೆಲ ತೊಳೆಯಲು ಮಾತ್ರ ಸರಿ. ಮಳೆ ನೀರಿಗೆ ಸಮನಾದುದಿಲ್ಲ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ತಾರಸಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಲೆಕ್ಕಕ್ಕೆ 93 ಲೀಟರ್. ಚೆಲ್ಲಿದ್ದು, ಇಂಗಿದ್ದು ಕಳೆದರೂ 75 ಲೀಟರ್ ಕೈಗೆ ಸಿಗುತ್ತದೆ. ಅಂಥ ಮೂರು ಮಳೆಗೆ 200 ಲೀಟರಿನ ಡ್ರಮ್ ತುಂಬುತ್ತದೆ. ಹತ್ತು ಕುಂಡಕ್ಕೆ ದಿನಕ್ಕೆ ಅರ್ಧರ್ಧ ಲೀಟರಿನಂತೆ ಅದು 40 ದಿನ ಬರುತ್ತದೆ. ಸೊಳ್ಳೆ ಮೊಟ್ಟೆ ಇಡದಂತೆ ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟಬೇಕು. ಮಳೆ ನೀರನ್ನು ಸೂಕ್ಷ್ಮ ಗಿಡಗಳಿಗೆ ಮೀಸಲಿಟ್ಟು, ಕ್ರೋಟನ್, ಅಕಾಲಿಫಾಗಳಿಗೆ ಕೊಳವೆಬಾವಿಯ ನೀರನ್ನೇ ಹಾಕಿದರೆ ಇನ್ನೂ ಹೆಚ್ಚು ದಿನ ಬರುತ್ತದೆ.

ಆ ಮನೆಯವರು ಮುಂದಿನ ಜೂನ್‌ನಲ್ಲಿ ತಾರಸಿಯ ಕೊಳವೆಗೆ ಡ್ರಮ್ ಜೋಡಿಸಿದರು. ಸುಟ್ಟ ತುದಿಗಳು ಮತ್ತೆ ಹಸಿರಾಗುವುದಿಲ್ಲ. ಅವನ್ನು ಕತ್ತರಿಯಿಂದ ಎಲೆಯ ಆಕಾರಕ್ಕೆ ಕತ್ತರಿಸಿ, ಹಳೆಯ ಮಣ್ಣು ತೆಗೆದು ಹೊಸ ಮಿಶ್ರಣ ಹಾಕಿದರು. ಗೌರಿ ಹಬ್ಬದ ಹೊತ್ತಿಗೆ ಬಂದ ಹೊಸ ಎಲೆಗಳಲ್ಲಿ ಕಂದು ಇರಲಿಲ್ಲ. ಅದೇ ಮಳೆಗಾಲದಲ್ಲಿ ಕ್ರೋಟನ್ನಿಗೆ ಗೂಟಿ ಕಟ್ಟಿ ಐದು ಗಿಡ ಮಾಡಿದ್ದರು. ಒಂದನ್ನು ನನಗೂ ಕೊಟ್ಟರು. ಕೊಳವೆಬಾವಿಯ ನೀರಿನ ಪರೀಕ್ಷೆಯ ಚೀಟಿ ಅಡುಗೆ ಮನೆಯ ಗೋಡೆಗೆ ಅಂಟಿತ್ತು, ಘಟಕ ಕೆಟ್ಟ ದಿನಗಳಿಗೆಂದು ಎರಡು ಕ್ಯಾನು ಹೆಚ್ಚಿಗೆ ತುಂಬಿಸಿ ಇಟ್ಟಿದ್ದರು.